ಓದುಗರ ಪ್ರಶ್ನೆ: ಕುಲ್ದಿಗಾದಲ್ಲಿ ಎರಡು ದಿನ

ಪ್ರಶ್ನೆ: ಜೂನ್ ಕೊನಿಗೆ ಮಗಳನ್ನ ನೋಡಾಕ ಲಾಟ್ವಿಯಾದ ರೀಗಾಕ್ಕ ಹೊಂಟೀವಿ. ಕುಲ್ದಿಗಾ ಅನ್ನೋ ಸಣ್ಣ ಊರೂ ನೋಡಬೇಕಂತ ಆಸೆ. ನಾವು ಶಾಖಾಹಾರಿಗಳು, ಊಟದ್ದು ಹೆಂಗ್ರಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಹೋಗಿ ಬನ್ನಿ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳೇ ಪೇಟೆ ಅದು. ಅಲ್ಲಿಗೆ ಪ್ರಯಾಣಿಕರ ರೈಲಿಲ್ಲ. ರೀಗಾದಿಂದ ಸುಮಾರು 150 ಕಿ.ಮೀ., ಬಸ್ಸಿಗೆ ಮೂರು ತಾಸಿನ ಹಾದಿ. ಜೂನ್ 23, 24 ಮಾತ್ರ ಬೇಡ: ಲೀಗೊ, ಯಾನಿ ಹಬ್ಬದ ಸರ್ಕಾರಿ ರಜೆ, ಬಸ್ಸು ಕಡಿಮೆ, ಅಂಗಡಿಗಳೂ ಬಂದ್.

ವೆಂಟಾ ನದಿಯ ಜಲಪಾತವನ್ನು ಜೋಗದ ಕಣ್ಣಿನಿಂದ ನೋಡಬೇಡಿ. ಎತ್ತರ ಎರಡು ಮೀಟರಿನಷ್ಟೇ, ಅಗಲ ಸುಮಾರು 249 ಮೀಟರ್. ಬೇಸಿಗೆಯಲ್ಲಿ ನೀರು ಇಳಿದಾಗ ಜನ ಬಂಡೆಯ ಮೇಲೆ ನಡೆಯುತ್ತಾರೆ. ಪಾಚಿಗೆ ಕಾಲು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು. ಮೊಣಕಾಲು ನೋವಿದ್ದರೆ 1874ರ ಇಟ್ಟಿಗೆ ಸೇತುವೆಯಿಂದಲೇ ನೋಡಿ, ನೋಟ ಅಲ್ಲಿಂದಲೇ ಚೆಂದ. ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಅವಸರ ಬೇಡ.

ಊಟದಲ್ಲಿ ಎಚ್ಚರ. ಬೂದು ಬಟಾಣಿ ಪಲ್ಯದಂತೆ ಕಂಡರೂ ಅದರಲ್ಲಿ ಹಂದಿ ಮಾಂಸದ ಚೂರು ಹಾಕುವುದೇ ವಾಡಿಕೆ. ಆ ಸೀಮೆಯ ಸ್ಕ್ಲಾಂಡ್‌ರೌಸಿಸ್ ತಿನ್ನಿ: ರೈ ಎಂಬ ಗೋಧಿಯಂಥ ಧಾನ್ಯದ ಹಿಟ್ಟಿನ ತೆಳು ಬಟ್ಟಲು, ಒಳಗೆ ಆಲೂಗಡ್ಡೆ, ಮೇಲೆ ಗಜ್ಜರಿ, ತುಸು ಸಿಹಿ. ಹೂರಣಕ್ಕೆ ಮೊಟ್ಟೆ ಬೀಳುತ್ತದೆ, ಕೇಳಿಕೊಳ್ಳಿ. ರೈ ಬ್ರೆಡ್, ಬೆಣ್ಣೆ, ಚೀಸ್ ಅಂಗಡಿಗಳಲ್ಲಿ ಸಿಗುತ್ತವೆ. ಶೇಂಗಾ ಚಟ್ನಿಪುಡಿ ಜೊತೆಗಿರಲಿ.

ಕಾಡು, ಹುಲ್ಲುಗಾವಲು ಸುತ್ತುವಾಗ ಉಣ್ಣಿಗಳಿರುತ್ತವೆ, ಮಿದುಳಿನ ಜ್ವರ ಹರಡುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಕಂಕುಳು, ಮೊಣಕಾಲಿನ ಹಿಂಭಾಗ ನೋಡಿಕೊಳ್ಳಿ. ಲಸಿಕೆಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು, ವೈದ್ಯರನ್ನು ಈಗಲೇ ಕೇಳಿ.