ಕಾಗದಕ್ಕೆ ಇಳಿಯದ ಷರತ್ತು

ಪ್ರಶ್ನೆ: ಪ್ರೋಗ್ರಾಂ ಬರೆಯುವ ಮೊದಲು ಸ್ಪೆಸಿಫಿಕೇಶನ್ ಅನ್ನು (ಅದು ಏನು ಮಾಡಬೇಕೆಂಬ ವಿವರಣೆಯನ್ನು) ಕರಾರುವಾಕ್ಕಾಗಿ ಬರೆಯಬೇಕು, ದಿನನಿತ್ಯದ ವಾದಗಳಿಗೂ ಅದೇ ಎಚ್ಚರ ಬೇಕು ಎನ್ನುತ್ತಾರೆ ನಮ್ಮ ಮೇಷ್ಟ್ರು. ಇವೆರಡಕ್ಕೂ ಏನು ಸಂಬಂಧ?
– ಬಿ.ಸಿ.ಎ. ವಿದ್ಯಾರ್ಥಿನಿ, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಿನ ದರಗಳನ್ನು ಜೋಡಿಸುವ ಪ್ರೋಗ್ರಾಂ ಬೇಕೆಂದುಕೊಳ್ಳಿ. 'ಫಲಿತಾಂಶದಲ್ಲಿ ದರಗಳು ಏರಿಕೆ ಕ್ರಮದಲ್ಲಿರಬೇಕು' ಎಂದಷ್ಟೇ ಬರೆದರೆ ಸಾಕೆನಿಸುತ್ತದೆ. ಆದರೆ 420, 350, 420 ಎಂಬ ಮೂರು ದರಗಳನ್ನು ಕೊಟ್ಟಾಗ 350, 420 ಎಂದು ಎರಡನ್ನೇ ತೋರಿಸಿ, ಒಬ್ಬ ರೈತನ ಲಾಟನ್ನು ಲೆಕ್ಕದಿಂದಲೇ ಬಿಟ್ಟ ಪ್ರೋಗ್ರಾಂ ಕೂಡ ಆ ಷರತ್ತನ್ನು ಪೂರೈಸುತ್ತದೆ. ಖಾಲಿ ಪಟ್ಟಿಯೂ ಪೂರೈಸುತ್ತದೆ, ಏಕೆಂದರೆ ಕ್ರಮ ತಪ್ಪಲು ಅದರಲ್ಲಿ ಏನೂ ಇಲ್ಲ. ಕೊಟ್ಟ ಪ್ರತಿಯೊಂದು ದರವೂ ಬಂದಷ್ಟೇ ಸಲ ಇರಬೇಕು, ಹೊಸದು ಸೇರಬಾರದು ಎಂಬುದು ನಮ್ಮ ಮನಸ್ಸಿನಲ್ಲಿತ್ತೇ ಹೊರತು ಕಾಗದದ ಮೇಲಿರಲಿಲ್ಲ.

ಫಲಿತಾಂಶಕ್ಕಿರುವಂತೆ ಆರಂಭಕ್ಕೂ, ಅಂದರೆ ಪ್ರೋಗ್ರಾಂಗೆ ಕೊಡುವ ಮಾಹಿತಿಗೂ, ಷರತ್ತುಗಳಿರುತ್ತವೆ. 1969ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರು ರೂಪಿಸಿದ ತರ್ಕ ಇವೆರಡನ್ನೂ ಬರೆದಿಡುವಂತೆ ಕೇಳುತ್ತದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿ ಒಂದು ನಿಮಿಷ ತುಂಬುವ ಮೊದಲೇ ನಾಶವಾದದ್ದಕ್ಕೆ ಕಾರಣ, ಹಳೆಯ ಏರಿಯಾನ್ 4ಕ್ಕಾಗಿ ಬರೆದಿದ್ದ ಪ್ರೋಗ್ರಾಂನ ಭಾಗವೊಂದು ವೇಗದ ಅಂಕಿ 16 ಬಿಟ್‌ಗಳಲ್ಲಿ (ಒಂದು ಮಿತಿಯೊಳಗಿನ ಸಂಖ್ಯೆಗಷ್ಟೇ ಸಾಲುವ ಜಾಗದಲ್ಲಿ) ಹಿಡಿಯುತ್ತದೆಂದು ನಂಬಿದ್ದು. ಹಳೆಯ ರಾಕೆಟ್ಟಿನ ಮಟ್ಟಿಗೆ ಆ ನಂಬಿಕೆ ಸರಿಯಾಗಿಯೇ ಇತ್ತು, ಹೊಸದರ ಅಂಕಿ ಮಾತ್ರ ಆ ಮಿತಿಯನ್ನು ಮೀರಿತು.

ಈಗ ನಮ್ಮ ಜಿಲ್ಲೆಯ ವಾದಕ್ಕೆ ಬರೋಣ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. 'ಕೆರೆ ತುಂಬಿತು, ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು, ಆದ್ದರಿಂದ ಇದು ಯೋಜನೆಯ ಫಲ' ಎಂದು ಒಬ್ಬರು ಹೇಳಿದರೆ, ಅವರ ಮೊದಲ ಎರಡು ಮಾತು ನಿಜವಾಗಿದ್ದೂ ಮೂರನೆಯದು ತಪ್ಪಾಗಬಹುದು. ಆ ವರ್ಷ ಮಳೆಯೂ ಚೆನ್ನಾಗಿ ಬಿದ್ದಿದ್ದರೆ ನೀರು ಏರಿದ್ದು ಅದರಿಂದಲೂ ಇರಬಹುದು. ಯೋಜನೆಯ ನೀರು ಬಾರದ ಕೆರೆಯ ಬಳಿ, ಅಷ್ಟೇ ಆಳದ ಬೋರ್‌ವೆಲ್‌ಗಳಲ್ಲಿ ಅದೇ ವರ್ಷ ಏನಾಯಿತೆಂದು ನೋಡದೆ ತೀರ್ಮಾನಕ್ಕೆ ಬರಬಾರದು. ನಮ್ಮ ಪ್ರಾಚೀನ ತರ್ಕಪದ್ಧತಿಯಾದ ನ್ಯಾಯಶಾಸ್ತ್ರ ಇಂಥ ಅಡಗಿದ ಷರತ್ತನ್ನು ಉಪಾಧಿ ಎಂದು ಗುರುತಿಸಿತ್ತು: ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು, ಹಸಿ ಸೌದೆಯಿದ್ದರೆ ಮಾತ್ರ ಹೊಗೆ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಸ್ಪೆಸಿಫಿಕೇಶನ್ ಎಲ್ಲ ಸಂದರ್ಭಗಳಿಗೂ ಅನ್ವಯಿಸುವುದರಿಂದ ಅದಕ್ಕೆ ವಿರುದ್ಧವಾದ ಒಂದೇ ಒಂದು ಉದಾಹರಣೆ ಅದನ್ನು ಕೆಡವುತ್ತದೆ. ಊರಿನ ಮಾತು ಹಾಗಲ್ಲ. 'ನಮ್ಮ ಬೋರ್ ಬತ್ತಿಹೋಯಿತಲ್ಲ' ಎಂಬ ಉತ್ತರ, 'ಎಲ್ಲ ಬೋರ್‌ಗಳಲ್ಲೂ ನೀರು ಬಂತು' ಎಂದವರನ್ನು ಸೋಲಿಸುತ್ತದೆ, 'ಬಹುಪಾಲು ಬೋರ್‌ಗಳಲ್ಲಿ ಬಂತು' ಎಂದವರನ್ನಲ್ಲ. ಆದ್ದರಿಂದ ಉತ್ತರ ಕೊಡುವ ಮೊದಲು, ಎದುರಿನವರು ಇವೆರಡರಲ್ಲಿ ಯಾವುದನ್ನು ಹೇಳಿದರೆಂದು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.