ಅಕಲೇಸಿಯಾ ರೋಗಿಗಳು ಸಿಗದಿದ್ದರೆ ಪ್ರಬಂಧದ ವಿಷಯ ಬದಲಿಸಬೇಕೇ? – ಪ್ರತಿಕ್ರಿಯೆ

ಅಕಲೇಸಿಯಾ ಬಗೆಗಿನ ಪ್ರಬಂಧವನ್ನು ಬಿಟ್ಟು ಅಪಘಾತದ ಗಾಯಾಳುಗಳ ಆರೈಕೆಯ ವಿಷಯಕ್ಕೆ ಹೋಗಬೇಕೇ ಎಂದು ಕೇಳಿದ್ದೀರಿ. ಎಂಟು ತಿಂಗಳಲ್ಲಿ ನಿಮಗೆ ಇಬ್ಬರೇ ಅಕಲೇಸಿಯಾ ರೋಗಿಗಳು ಸಿಕ್ಕಿರುವುದಕ್ಕೆ ನಿಮ್ಮ ಪ್ರಯತ್ನದ ಕೊರತೆ ಕಾರಣವಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಕಾಣಿಸಿಕೊಳ್ಳುವ, ಅನ್ನನಾಳದ ಕೆಳತುದಿ ಸಡಿಲಗೊಳ್ಳದೆ ನುಂಗಿದ್ದು ಸರಿಯಾಗಿ ಹೊಟ್ಟೆಗೆ ಇಳಿಯದ ಕಾಯಿಲೆ ಅದು. ಜೊತೆಗೆ ನಮ್ಮ ಕಡೆ ಎಷ್ಟೋ ಜನ ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಲೇ ವರ್ಷಗಳನ್ನು ಕಳೆಯುತ್ತಾರೆ. ನನ್ನ ಪ್ರಬಂಧವೂ ಇಲ್ಲೇ ಸಿಕ್ಕಿಹಾಕಿಕೊಂಡಿತ್ತು.

ವಿಷಯವನ್ನು ಅಪಘಾತದ ಗಾಯಾಳುಗಳ ಆರೈಕೆಗೆ ಬದಲಿಸುವ ಮಾತನ್ನು ಈ ವಾರವೇ ನಿಮ್ಮ ಮಾರ್ಗದರ್ಶಕರ ಮುಂದೆ ಎತ್ತಿ. ವಿಶ್ವವಿದ್ಯಾಲಯ ಈ ಹಂತದಲ್ಲಿ ಒಪ್ಪುತ್ತದೆಂದು ಖಚಿತವಾಗಿ ಹೇಳಲಾರೆ. ಒಪ್ಪಿದರೂ ನೈತಿಕ ಸಮಿತಿಯ ಹೊಸ ಅನುಮತಿ ಕೈಸೇರುವವರೆಗೆ ಒಬ್ಬ ಗಾಯಾಳುವಿನ ಮಾಹಿತಿಯನ್ನೂ ಬರೆದುಕೊಳ್ಳಬೇಡಿ.

ಅನಂತರ ಗಾಯಾಳುಗಳ ಮಾಹಿತಿ ತುಂಬಲು ಒಂದೇ ಪುಟದ ನಮೂನೆ ಮಾಡಿಕೊಳ್ಳಿ. ಪ್ರಜ್ಞೆಯ ಮಟ್ಟ ತೋರಿಸುವ ಗ್ಲಾಸ್ಗೋ ಅಂಕ, ಸಿಸ್ಟಾಲಿಕ್ (ಮೇಲಿನ) ರಕ್ತದೊತ್ತಡ, ಉಸಿರಾಟದ ಗತಿ, ಈ ಮೂರರಿಂದಲೇ ಗಾಯಾಳುವಿನ ಸ್ಥಿತಿ ಎಷ್ಟು ಗಂಭೀರ ಎಂದು ಅಳೆಯುವ 1989ರ ಪರಿಷ್ಕೃತ ಟ್ರಾಮಾ ಸ್ಕೋರ್ ಲೆಕ್ಕಕ್ಕೆ ಸಿಗುತ್ತದೆ. ಕೈಕೊಡುವುದು ಗಾಯವಾದ ಹೊತ್ತು: ಕೇಸ್ ಶೀಟಿನಲ್ಲಿ ಆಸ್ಪತ್ರೆಗೆ ಬಂದ ಸಮಯವಿರುತ್ತದೆ, ಗಾಯವಾದ ಸಮಯದ ಜಾಗ ಖಾಲಿ. ಉದಾಹರಣೆಗೆ, ಮದ್ದೂರಿನ ಬಳಿ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಗುದ್ದಿಸಿಕೊಂಡವನ ಜೊತೆ ಬಂದವರು ಹೊರಟುಹೋಗುವ ಮೊದಲೇ ಆ ಹೊತ್ತನ್ನು ಕೇಳಿ. 108ರಲ್ಲಿ ಬಂದಿದ್ದರೆ ಕರೆ ಹೋದ ಸಮಯವನ್ನು ಅದರ ಸಿಬ್ಬಂದಿಯಿಂದ ಪಡೆಯಿರಿ.

ಬದಲಾವಣೆಗೆ ಒಪ್ಪಿಗೆ ಸಿಗದಿದ್ದರೆ ಹಳೆಯ ಶಸ್ತ್ರಚಿಕಿತ್ಸಾ ರಿಜಿಸ್ಟರುಗಳಿಂದ ಹೆಲ್ಲರ್ ಮಯೋಟಮಿ (ಅಕಲೇಸಿಯಾಕ್ಕೆ ಅನ್ನನಾಳದ ಕೆಳತುದಿಯ ಸ್ನಾಯು ಸೀಳುವ ಶಸ್ತ್ರಚಿಕಿತ್ಸೆ) ಆದವರನ್ನು ಹುಡುಕಲು ಅನುಮತಿ ಕೇಳಿ, ನುಂಗುವ ತೊಂದರೆ, ಆಹಾರ ಮರಳಿ ಬರುವುದು, ಎದೆನೋವು, ತೂಕ ಇಳಿಕೆಗಳನ್ನು ಅಳೆಯುವ 12 ಅಂಕಗಳ ಎಕಾರ್ಟ್ ಸ್ಕೋರನ್ನು ಅವರಿಗೆ ಈಗ ಅನ್ವಯಿಸಬಹುದು.