ಬರೀ ಹುಲ್ಲು ತಾನೆ?

ಸಕಲೇಶಪುರದ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಜೀಪು ತಗೊಂಡು ಗೆಳೆಯರ ಜೊತೆ ಹುಲ್ಲುಬೆಟ್ಟ ಹತ್ತಲು ಹೋದವರನ್ನು ಅರಣ್ಯ ಸಿಬ್ಬಂದಿ ವಾಪಸ್ ಕಳಿಸಿದರಂತೆ. ‘ಅಮೆರಿಕದಲ್ಲಿ ಸರ್ಕಾರಿ ಜಮೀನಿನಲ್ಲಿ ಎಲ್ಲಿ ಬೇಕಾದರೂ ಗಾಡಿ ಓಡಿಸಬಹುದು. ಇಲ್ಲಿ ಮಾತ್ರ ಯಾಕೆ ತಡೆ? ಅಲ್ಲಿ ಒಂದು ಮರವೂ ಇಲ್ಲ, ಬರೀ ಹುಲ್ಲು ತಾನೆ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಮೆರಿಕದ ಮಾತು ನೀವೇ ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿನ ಜೀಪು ಸವಾರಿಯ ವಿಡಿಯೊ ನೋಡಿದರೆ ಹಾಗೆ ಅನ್ನಿಸುತ್ತೆ, ಆದರೆ ಅಲ್ಲಿಯ ಕಾನೂನು ಬೇರೆ. 1972ರ ಫೆಬ್ರುವರಿಯಲ್ಲೇ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ಜಮೀನಿನಲ್ಲಿ ರಸ್ತೆ ಬಿಟ್ಟು ಓಡುವ ಗಾಡಿಗಳಿಗೆ ಯಾವ ದಾರಿ ಮುಕ್ತ, ಯಾವುದು ಬಂದ್ ಎಂದು ಅಲ್ಲಿನ ಇಲಾಖೆಗಳು ಗುರುತಿಸಬೇಕಾಯಿತು. (ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದೇ ವರ್ಷದ್ದು.) 1977ರಲ್ಲಿ ಅಧ್ಯಕ್ಷ ಕಾರ್ಟರ್ ಆ ಆದೇಶವನ್ನು ಇನ್ನೂ ಬಿಗಿ ಮಾಡಿದರು. 2005ರ ನಿಯಮದ ಮೇಲೆ ಅಲ್ಲಿನ ರಾಷ್ಟ್ರೀಯ ಅರಣ್ಯಗಳಿಗೆ ನಕ್ಷೆಗಳೇ ತಯಾರಾದವು. ನಕ್ಷೆಯಲ್ಲಿ ತೋರಿಸಿದ ದಾರಿ ಬಿಟ್ಟು ಚಕ್ರ ಇಳಿಸುವಂತಿಲ್ಲ.

ಕ್ಯಾಲಿಫೋರ್ನಿಯದ ಅಲ್ಗೊಡೋನ್ಸ್ ಮರಳುದಿಬ್ಬಗಳನ್ನೇ ನೋಡಿ. 78ನೇ ಹೆದ್ದಾರಿ ಅವುಗಳನ್ನು ಸೀಳಿಕೊಂಡು ಹೋಗುತ್ತದೆ. ದಕ್ಷಿಣಕ್ಕೆ ಗಾಡಿಗಳ ಜಾತ್ರೆ, ಉತ್ತರಕ್ಕೆ ಹೊಂದಿಕೊಂಡ ಸಂರಕ್ಷಿತ ಭಾಗಕ್ಕೆ ಒಂದು ಗಾಡಿಯೂ ಹೋಗುವಂತಿಲ್ಲ. ದಕ್ಷಿಣದಲ್ಲೂ ಕೆಲವು ತುಂಡುಗಳು ಬಂದ್. ಕಾರಣ, ಅವರೆ-ತೊಗರಿಯ ಕುಟುಂಬಕ್ಕೆ ಸೇರಿದ ಒಂದು ಪುಟ್ಟ ಗಿಡ!

ಅದೇ ರಾಜ್ಯದ ಮೊಹಾವಿ ಮರುಭೂಮಿಯಲ್ಲಿ ಅಮೆರಿಕ ಸೇನೆಯ ಜನರಲ್ ಪ್ಯಾಟನ್ 1942ರಲ್ಲಿ ಟ್ಯಾಂಕ್ ತರಬೇತಿ ನಡೆಸಿದ್ದರು. ಆ ಜಾಡು ಇಂದಿಗೂ ಕಾಣುತ್ತದೆ. ಮಳೆ ಕಡಿಮೆ, ಹಾಗಾಗಿ ಗಾಯ ಮಾಯುವುದಿಲ್ಲ. ನಮ್ಮ ಘಟ್ಟದಲ್ಲಿ ಮಳೆ ಜಾಸ್ತಿ, ಹಾಗಾಗಿ ಗಾಯ ಬೆಳೆಯುತ್ತದೆ. ಬೆಟ್ಟದ ಮೇಲಿನ ತೆಳ್ಳಗಿನ ಮಣ್ಣನ್ನು ಹಿಡಿದಿಟ್ಟಿರುವುದು ನೀವು ಹೇಳಿದ ಆ ‘ಬರೀ ಹುಲ್ಲಿನ’ ಬೇರು. ಏರಿನಲ್ಲಿ ಚಕ್ರ ಗಿರ್ರನೆ ತಿರುಗಿದರೆ ಮೊದಲು ಕಿತ್ತು ಬರುವುದೇ ಅದು. ಜೂನ್‌ನಲ್ಲಿ ನೀರು ಆ ಜಾಡನ್ನೇ ಹಿಡಿದು ಇಳಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಜಾಡು ಕೊರಕಲಾಗಿರುತ್ತದೆ. ಹುಲ್ಲು ಹೀರಿ, ಕೆಳಗಿನ ಕಣಿವೆಯ ಶೋಲಾ ಎಂಬ ದಟ್ಟ ಕಾಡಿಗೆ ಮೆಲ್ಲಗೆ ಬಿಡಬೇಕಾದ ನೀರು ಮಣ್ಣಿನ ಸಮೇತ ಹಳ್ಳಕ್ಕೆ ಓಡುತ್ತದೆ. ನಿಮ್ಮೂರಿನ ಹೇಮಾವತಿ ಹುಟ್ಟುವುದೂ ಇಂಥ ಬೆಟ್ಟಗಳ ಸೀಮೆಯಲ್ಲೇ, ಮೂಡಿಗೆರೆ ಕಡೆಯ ಜಾವಳಿಯಲ್ಲಿ. ನೆಲದ ಮೇಲೇ ಮೊಟ್ಟೆ ಇಡುವ ನೆಲಗುಬ್ಬಿಯಂಥ ಹಕ್ಕಿಗಳ ಗೂಡು ಸ್ಟಿಯರಿಂಗ್ ಹಿಡಿದವರ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

‘ರೆಸಾರ್ಟಿಗೆ ಜೆಸಿಬಿ ಬೆಟ್ಟ ಕಡಿಯುವಾಗ ಈ ಕಾಳಜಿ ಎಲ್ಲಿತ್ತು’ ಎಂದೂ ಬರೆದಿದ್ದೀರಿ. ನ್ಯಾಯವಾದ ಮಾತು. ಆದರೆ ಅದನ್ನು ತಡೆಯಲು ಕೇಳೋಣ, ಅದನ್ನೇ ನೆಪ ಮಾಡಿಕೊಂಡು ನಾವೂ ಹತ್ತುವುದು ಬೇಡ.

ಹಾಗಂತ ಜೀಪೇ ಬೇಡ ಎನ್ನುವವನಲ್ಲ ನಾನು. ಕೊಡಚಾದ್ರಿಯಲ್ಲಿ, ಮಾಂದಲಪಟ್ಟಿಯಲ್ಲಿ ಜೀಪು ಓಡಿಸಿಯೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅಲ್ಲಿ ಇರುವ ದಾರಿಯಲ್ಲೇ ಓಡಲಿ, ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇರಲಿ. ನಿಮ್ಮಂಥ ಹವ್ಯಾಸಿಗಳಿಗೆ ಕಾಫಿ ತೋಟಗಳಿವೆ. ಮಾಲೀಕರು ಒಪ್ಪಿದರೆ ಕೆಸರು, ಕಲ್ಲು, ಏರು ಎಲ್ಲವೂ ಅಲ್ಲೇ ಸಿಗುತ್ತದೆ.

ಕ್ಯಾಲಿಫೋರ್ನಿಯದಿಂದ ಕಲಿಯುವುದಾದರೆ ಇದನ್ನು ಕಲಿಯೋಣ: ಅಲ್ಲಿ ಇಂಥ ಗಾಡಿಗಳ ನೋಂದಣಿ ಶುಲ್ಕ ಮತ್ತು ಇಂಧನ ತೆರಿಗೆಯ ಒಂದು ಪಾಲು ದಾರಿಗಳ ನಿರ್ವಹಣೆಗೂ ಹಾಳಾದ ನೆಲದ ರಿಪೇರಿಗೂ ಹೋಗುತ್ತದೆ. ಕಾಡಿನ ಹೊರಗೆ ಒಂದು ಜಾಗ ಗುರುತಿಸಿ, ಶುಲ್ಕ ನಾವೇ ಕಟ್ಟುತ್ತೇವೆ ಎಂದು ನಿಮ್ಮ ಗೆಳೆಯರ ಗುಂಪು ಜಿಲ್ಲಾಡಳಿತಕ್ಕೆ ಮನವಿ ಕೊಡಲಿ. ಅದನ್ನು ಇಲ್ಲೇ ಪ್ರಕಟಿಸುತ್ತೇವೆ. ಮಳೆಗಾಲದಲ್ಲಿ ಪೂರ್ತಿ ಬಂದ್ ಎನ್ನುವ ಸಾಲು ಮಾತ್ರ ಅದರಲ್ಲಿ ಇರಲೇಬೇಕು.